ಕೆರೆಯ ಫೋಟೋ ತೆಗೆಯುವವರು

ಹುಬ್ಬಳ್ಳಿಯ ಉಣಕಲ್ ಕೆರೆಯ ಯಾವುದಾದರೂ ಒಂದು ಫೋಟೋ ನೆನಪಿಸಿಕೊಳ್ಳಿ. ನೀರಿನ ಮೇಲೆ ಕೆಂಪು ಸೂರ್ಯ, ನಡುವೆ ವಿವೇಕಾನಂದರ ಪ್ರತಿಮೆಯ ಕಪ್ಪು ಆಕೃತಿ, ಮೂಲೆಯಲ್ಲಿ ಒಂದೆರಡು ಬೆಳ್ಳಕ್ಕಿ. ಬೆಳಗಿನ ತಿರುಗಾಟಕ್ಕೆ ಬರುವವರ ಕೈಗೆಲ್ಲ ಕ್ಯಾಮರಾ ಇರುವ ಫೋನು ಬಂದಮೇಲೆ ಇಂಥ ಚಿತ್ರಗಳಿಗೆ ಲೆಕ್ಕವಿಲ್ಲ. ಫಜರ್ ನಮಾಜು ಮುಗಿಸಿ ಅದೇ ದಂಡೆಯಲ್ಲಿ ಅಡ್ಡಾಡುವ ನಮ್ಮ ಫೋನುಗಳಲ್ಲೂ ಅವು ಬೇಕಾದಷ್ಟಿವೆ. ಚೆಂದದ ಚಿತ್ರಗಳ ಮೇಲೆ ನಮಗೇನೂ ಸಿಟ್ಟಿಲ್ಲ. ಆದರೆ ಅವನ್ನೆಲ್ಲ ಒಟ್ಟಿಗೆ ಹರವಿ ನೋಡಿದರೆ ಒಂದು ಪ್ರಶ್ನೆ ಏಳುತ್ತದೆ. ಆ ಪ್ರತಿಮೆಯೊಂದನ್ನು ಬಿಟ್ಟರೆ ಇದು ಹುಬ್ಬಳ್ಳಿಯ ಕೆರೆ, ಇದರ ಸುತ್ತ ಇಂಥಿಂಥ ಜನ ಬದುಕಿದ್ದರು ಎಂದು ಹೇಳುವ ಯಾವ ಗುರುತು ಅವುಗಳಲ್ಲಿದೆ?

ಈ ದಂಡೆ ಬದಲಾದ ಬಗೆ ಯಾವ ಸೂರ್ಯೋದಯದಲ್ಲೂ ದಾಖಲಾಗಿಲ್ಲ. ಕೆರೆಯ ಮಗ್ಗುಲಲ್ಲೇ ಧಾರವಾಡಕ್ಕೆ ಹೋಗುವ ಪಿ.ಬಿ. ರಸ್ತೆ ಬಿಆರ್‌ಟಿಎಸ್‌ಗಾಗಿ ಅಗಲವಾಯಿತು, ರಸ್ತೆಬದಿಯ ಮರಗಳು ಉರುಳಿದವು. 2018ರಲ್ಲಿ ಚಿಗರಿ ಬಸ್ಸುಗಳು ಓಡತೊಡಗಿದವು; ವಿಧ್ಯುಕ್ತ ಉದ್ಘಾಟನೆ ಆದದ್ದು 2020ರ ಫೆಬ್ರವರಿಯಲ್ಲಿ. ಅವಳಿನಗರ 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ತೋಳನಕೆರೆ ಹೊಸ ಉದ್ಯಾನವಾಯಿತು. ಉಣಕಲ್ ಕೆರೆಯಿಂದ ಹೊರಟು ಊರೊಳಗೆ ಹರಿಯುವ ನಾಲಾದ ಗುಂಟ ಸೈಕಲ್ ದಾರಿ, ನಡೆದಾಡುವ ದಾರಿ ಮಾಡುವ ಯೋಜನೆಗೆ ಫ್ರಾನ್ಸ್ ದೇಶದ ಅಭಿವೃದ್ಧಿ ಸಂಸ್ಥೆಯ ನೆರವೂ ಬಂತು. ಇವೆಲ್ಲ ಬೇಡವಾಗಿತ್ತು ಎಂದು ನಾವು ಹೇಳುತ್ತಿಲ್ಲ. ಮುದುಕರಿಗೆ, ಹೆಂಗಸರಿಗೆ, ಮಕ್ಕಳಿಗೆ ನಿರಾಳವಾಗಿ ನಡೆದಾಡುವ ಜಾಗ ಸಿಕ್ಕುವುದು ಸಣ್ಣ ಸಂಗತಿಯಲ್ಲ.

ನಮ್ಮ ತಕರಾರು ಇರುವುದು ಅಭಿವೃದ್ಧಿಯ ಪ್ರಚಾರದಲ್ಲಿ ಎಲ್ಲೆಡೆ ಕಾಣುವ ‘ಮೊದಲು’ ಮತ್ತು ‘ನಂತರ’ ಎಂಬ ಜೋಡಿ ಚಿತ್ರಗಳ ಬಗ್ಗೆ. ಅವುಗಳ ವ್ಯಾಕರಣವನ್ನು ಗಮನಿಸಬೇಕು. ‘ಮೊದಲು’ ಚಿತ್ರ ಸುಡುವ ಮಧ್ಯಾಹ್ನದ್ದು, ‘ನಂತರ’ದ್ದು ದೀಪ ಹತ್ತಿದ ಸಂಜೆಯದು. ಮೊದಲಿನದರಲ್ಲಿ ಎಮ್ಮೆ, ಬಟ್ಟೆ ಒಗೆಯುವವರು, ಗಾಡಿಗಳು, ಕಸ. ನಂತರದ್ದರಲ್ಲಿ ಕಲ್ಲುಹಾಸು, ಬೆಂಚು, ಕಾರಂಜಿ. ಕಸ ಮತ್ತು ಮನುಷ್ಯ ಒಂದೇ ಚೌಕಟ್ಟಿನಲ್ಲಿ ಕೂತು ಒಟ್ಟಿಗೇ ಮಾಯವಾಗುತ್ತಾರೆ. ಕೆರೆಗೆ ಬಂದು ಸೇರುವ ಚರಂಡಿ ನೀರು ಎಲ್ಲಿಯದು ಎಂದು ಕೇಳುವ ಮೊದಲೇ ದಂಡೆಯ ಮೇಲೆ ನಿಂತವನು ಅಪರಾಧಿಯಾಗಿ ಕಾಣುತ್ತಾನೆ. ಕನ್ನಡದಲ್ಲಿ ಫೋಟೋ ತೆಗೆಯುತ್ತೇವೆ, ಹೂಳು ತೆಗೆಯುತ್ತೇವೆ, ಗಾಡಿಯನ್ನೂ ತೆಗೆಸುತ್ತೇವೆ. ಉರ್ದುವಿನಲ್ಲಿ ತಸ್ವೀರನ್ನು ‘ಖೀಂಚುತ್ತಾರೆ’, ಅಂದರೆ ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಎರಡೂ ಶಾಲೆಗಳಲ್ಲಿ ಓದಿದ ನಮಗೆ ಈ ವಿಷಯದಲ್ಲಿ ಉರ್ದುವೇ ಹೆಚ್ಚು ಒಪ್ಪಿಗೆ.

ನಾಲಾದ ಕಥೆಯನ್ನೂ ಹೇಳಬೇಕು. ಕೆರೆ ಎಷ್ಟು ಫೋಟೋಗಳಲ್ಲಿದೆಯೋ ಅದರಿಂದ ಹೊರಟ ನಾಲಾ ಅಷ್ಟೇ ಫೋಟೋಗಳಿಂದ ಹೊರಗಿದೆ. 2019ರ ಆಗಸ್ಟ್ ಮಳೆಗೆ ಕೆರೆ ತುಂಬಿ ಹೊರಚೆಲ್ಲಿದಾಗ ನಾಲಾದ ನೀರು ತಗ್ಗಿನ ಮನೆಗಳಿಗೆ ನುಗ್ಗಿತು. ತುಂಬಿದ ಕೆರೆಯ ಚಿತ್ರಗಳು ನಮಗೆ ಬೇಕಾದಷ್ಟು ಬಂದವು. ನೀರು ಇಳಿದ ಮೇಲೆ ಮನೆಯ ಗೋಡೆಯಲ್ಲಿ ಉಳಿದ ಕೆಸರಿನ ಗೆರೆಯ ಚಿತ್ರ ಅಪರೂಪ.

ಧಾರವಾಡದ ಕೆಲಗೇರಿ ಕೆರೆಯದು ಇನ್ನೊಂದು ಪಾಠ. ಅಂತರಗಂಗೆ ಹಬ್ಬಿದ ದಿನಗಳಲ್ಲಿ ಗೋವಾ ರಸ್ತೆಯ ಕಡೆಯಿಂದ ನೋಡಿದರೆ ಕೆರೆಯೇ ಹಸಿರು ಹೊಲದಂತೆ, ಮೇಲೆ ನೇರಳೆ ಹೂವು. ಫೋಟೋಕ್ಕೆ ಅದಕ್ಕಿಂತ ಸೊಗಸಾದ ವಸ್ತು ಸಿಗದು. ಆದರೆ ಈ ಕಳೆ ಕೊಬ್ಬುವುದು ಕೊಳಚೆಯಲ್ಲಿ ಬರುವ ಸಾರಜನಕ, ರಂಜಕಗಳಿಂದ. ಅದು ಮೇಲ್ಮೈಯನ್ನು ಮುಚ್ಚಿದರೆ ಬೆಳಕು ಒಳಗೆ ಇಳಿಯದು, ನೀರಿನ ಆಮ್ಲಜನಕ ಕುಗ್ಗಿ ಮೀನು ಸಾಯುತ್ತವೆ. ಅಂದರೆ ಕೆರೆಯ ಅತ್ಯಂತ ಸುಂದರ ಚಿತ್ರ ಅದರ ಕಾಯಿಲೆಯ ಚಿತ್ರವೂ ಆಗಿರಬಹುದು. ಒಂದು ದಿನ ಬಂದು ಹೋಗುವ ಪ್ರವಾಸಿಗೆ ಇದು ತಿಳಿಯುವುದಿಲ್ಲ. ದಿನವೂ ನಡೆಯುವವನಿಗೆ, ಹೋದ ತಿಂಗಳು ಕಳೆ ಎಲ್ಲಿಯವರೆಗೆ ಇತ್ತು ಎಂಬ ನೆನಪಿರುವವನಿಗೆ ತಿಳಿಯುತ್ತದೆ.

1995ರಲ್ಲಿ ಬಂದ ‘ಸ್ಮೋಕ್’ ಎಂಬ ಅಮೆರಿಕದ ಸಿನಿಮಾ ಇಲ್ಲಿ ನೆನಪಾಗುತ್ತದೆ. ಬರೆದವರು ಪಾಲ್ ಆಸ್ಟರ್, ನಿರ್ದೇಶಕರು ವೇಯ್ನ್ ವಾಂಗ್. ಬ್ರೂಕ್ಲಿನ್‌ನ ಒಬ್ಬ ಸಿಗಾರ್ ಅಂಗಡಿಯವನು ವರ್ಷಗಟ್ಟಲೆ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ತನ್ನ ಅಂಗಡಿಯ ಮೂಲೆಯದೇ ಒಂದು ಫೋಟೋ ತೆಗೆಯುತ್ತಾನೆ. ಆಲ್ಬಮ್ಮುಗಳನ್ನು ಸರಸರನೆ ಮಗುಚುವ ಗೆಳೆಯನಿಗೆ ಎಲ್ಲವೂ ಒಂದೇ ಥರ ಕಾಣುತ್ತವೆ. ನಿಧಾನವಾಗಿ ನೋಡು ಎನ್ನುತ್ತಾನೆ ಅಂಗಡಿಯವನು. ನಿಧಾನವಾಗಿ ನೋಡಿದಾಗ ಒಂದು ಚಿತ್ರದಲ್ಲಿ ಆ ಗೆಳೆಯನ ತೀರಿಹೋದ ಹೆಂಡತಿ ರಸ್ತೆಯಲ್ಲಿ ನಡೆದು ಹೋಗುತ್ತಿರುತ್ತಾಳೆ. ಅವಳ ಚಿತ್ರ ತೆಗೆಯಬೇಕೆಂದು ಯಾರೂ ತೆಗೆದದ್ದಲ್ಲ.

ಕೆರೆಯ ಕಟಾಂಜನದ ಒಂದೇ ಕಂಬದ ಬಳಿ ನಿಂತು ತೆಗೆದ ನಮ್ಮ ಚಿತ್ರಗಳನ್ನು ಬಿಡಿಯಾಗಿ ನೋಡಿದರೆ ಸಪ್ಪೆ. ಅವನ್ನು ಯಾರೂ ಮೆಚ್ಚುವುದಿಲ್ಲ. ಸಾಲಾಗಿ ಇಟ್ಟಾಗ ಏಪ್ರಿಲ್ಲಿನಲ್ಲಿ ನೀರು ಎಷ್ಟು ಹಿಂದೆ ಸರಿಯಿತು ಎಂಬುದು ಕಾಣುತ್ತದೆ. ಚಹಾದ ಗಾಡಿ ಮೊದಲು ಕಂಬದ ಎಡಕ್ಕಿದೆ, ಆಮೇಲೆ ರಸ್ತೆಯ ಆಚೆಗಿದೆ, ಆಮೇಲೆ ಇಲ್ಲ. ಸುಟ್ಟ ಗೋವಿನಜೋಳದ ತೆನೆ ಮಾರುವಾಕೆ ಎರಡು ಮಳೆಗಾಲ ಇದ್ದಾಳೆ, ಮೂರನೆಯದರಲ್ಲಿ ಅವಳ ಜಾಗದಲ್ಲಿ ಹೂವಿನ ಕುಂಡ. ಯಾರು ಕಳಿಸಿದರು, ತಾವಾಗಿಯೇ ಹೋದರೇ ಎಂಬುದನ್ನು ಚಿತ್ರ ಹೇಳುವುದಿಲ್ಲ. ಅವರು ಇಲ್ಲಿದ್ದರು ಎಂಬುದನ್ನಷ್ಟೇ ಹೇಳುತ್ತದೆ, ಮತ್ತು ಅಷ್ಟನ್ನು ಹೇಳುವ ಬೇರೆ ಕಡತ ಎಲ್ಲೂ ಇರುವುದಿಲ್ಲ.

ಕೆರೆಯೆಂಬುದು ಈ ಸೀಮೆಯಲ್ಲಿ ಯಾವತ್ತೂ ಒಂದು ಕೋಮಿನ ಸೊತ್ತಾಗಿರಲಿಲ್ಲ. ಗಣಪತಿಯೂ ಅಲ್ಲಿಗೇ ಹೋಗುತ್ತಾನೆ, ಮೊಹರಂ ಕೊನೆಯ ದಿನ ಊರೂರಿನ ಪಂಜಾಗಳೂ ಕೆರೆ ಹಳ್ಳಗಳ ಕಡೆಗೇ ಹೊರಡುತ್ತವೆ. ಎರಡಕ್ಕೂ ಹೆಗಲು ಕೊಡುವವರು ಎಷ್ಟೋ ಕಡೆ ಅವರೇ. ಈ ಮಾತು ಇಲ್ಲಿ ಯಾಕೆ ಎಂದರೆ ನುಗ್ಗಿಕೇರಿಯ ಕಾರಣಕ್ಕೆ. ಧಾರವಾಡದ ಅಂಚಿನ ಆ ಕೆರೆಯ ಹನುಮಂತ ದೇವರ ಗುಡಿಯ ಬಳಿ ವರ್ಷಗಳಿಂದ ಹಣ್ಣು ಮಾರುತ್ತಿದ್ದ ವಯಸ್ಸಾದ ಮುಸ್ಲಿಂ ವ್ಯಾಪಾರಿಯ ಕಲ್ಲಂಗಡಿಗಳನ್ನು 2022ರ ಏಪ್ರಿಲ್ 9ರಂದು ಹಿಂದುತ್ವ ಸಂಘಟನೆಯೊಂದರ ಕಾರ್ಯಕರ್ತರು ನೆಲಕ್ಕೆ ಅಪ್ಪಳಿಸಿದರು. ಗುಡಿ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳು ಬೇಡ ಎಂಬ ಕೂಗು ರಾಜ್ಯದ ಹಲವೆಡೆ ಎದ್ದಿದ್ದ ದಿನಗಳವು. ಮಣ್ಣಿನಲ್ಲಿ ಚೆಲ್ಲಿದ ಕೆಂಪು ಹಣ್ಣಿನ ಚಿತ್ರ ದೇಶವನ್ನೆಲ್ಲ ಸುತ್ತಿತು. ಅದನ್ನು ಕಂಡು ಮರುಗಿದವರು, ಹಣ ಕಳಿಸಿದವರು ಎಲ್ಲ ಧರ್ಮದವರೂ ಇದ್ದರು. ಆ ಚಿತ್ರ ಇಲ್ಲದಿದ್ದರೆ ಘಟನೆಯೇ ನಡೆದಿಲ್ಲ ಎನ್ನುವವರು ಇರುತ್ತಿದ್ದರು. ಅದರ ಬೆಲೆ ನಮಗೆ ಗೊತ್ತಿದೆ.

ಆದರೂ ಕೇಳಬೇಕು: ಅದಕ್ಕೂ ಮುಂಚಿನ ವರ್ಷಗಳ ಶನಿವಾರಗಳ ಚಿತ್ರ ಎಲ್ಲಿವೆ? ಹಣೆಗೆ ಕುಂಕುಮವಿಟ್ಟ ಭಕ್ತರು ಅದೇ ಗಾಡಿಯ ಮುಂದೆ ನಿಂತು ಹಣ್ಣು ಕೊಯ್ಯಿಸಿ, ಚೌಕಾಸಿ ಮಾಡಿ, ತಿಂದು ಹೋದದ್ದು ಯಾರ ಫೋನಿನಲ್ಲಿದೆ? ಕೆರೆ ಚಿತ್ರದಲ್ಲಿತ್ತು, ಗುಡಿ ಚಿತ್ರದಲ್ಲಿತ್ತು. ವ್ಯಾಪಾರಿ ಚಿತ್ರದೊಳಗೆ ಬಂದದ್ದು ಹಣ್ಣು ಒಡೆದ ದಿನ. ಕೂಡಿಬಾಳಿದ ದಿನಗಳು ಫೋಟೋಕ್ಕೆ ವಿಷಯವೇ ಆಗುವುದಿಲ್ಲ. ಹಾಗಾಗಿ ಮುಂದೊಂದು ದಿನ ಇವರು ಇಲ್ಲಿ ಯಾವಾಗ ಇದ್ದರು ಎಂದು ಕೇಳಿದಾಗ ತೋರಿಸಲು ಒಡೆದ ಹಣ್ಣಿನ ಚಿತ್ರವೊಂದೇ ಕೈಯಲ್ಲಿರುತ್ತದೆ.

ಹಾಗೆಂದು ಎಲ್ಲರ ಮುಖಕ್ಕೂ ಫೋನು ಹಿಡಿಯುತ್ತ ಹೋಗುವುದೂ ಸಲ್ಲದು. ಬಟ್ಟೆ ಒಗೆಯುವ ಹೆಂಗಸಿನ ಫೋಟೋವನ್ನು ಅವಳನ್ನು ಕೇಳದೆ ತೆಗೆಯುವ ವಾಕಿಂಗಿನ ಸಾಹೇಬರು ತಮ್ಮ ಮನೆಯ ಹಿತ್ತಲಿನಲ್ಲಿ ಅಪರಿಚಿತರಿಗೆ ಅದೇ ಸಲಿಗೆ ಕೊಡುವುದಿಲ್ಲ. ತಸ್ವೀರಿನ ಬಗ್ಗೆ ಉಲೇಮಾಗಳ ನಡುವೆಯೇ ಭಿನ್ನ ಅಭಿಪ್ರಾಯಗಳಿವೆ. ಬೇಡ ಎಂದವರ ಮಾತಿಗೆ ತಕರಾರಿಲ್ಲದೆ ಫೋನು ಜೇಬಿಗೆ ಹೋಗಬೇಕು. ಸರಿ ಎಂದವರಿಗೆ ಒಂದು ಪ್ರತಿ ಕೊಡಬೇಕು. ಫೋನು ಕೆಟ್ಟರೆ ಎಲ್ಲ ಹೋಯಿತು, ಆದ್ದರಿಂದ ತಿಂಗಳಿಗೆ ನಾಲ್ಕಾದರೂ ಕಾಗದದ ಮೇಲೆ ಅಚ್ಚಾಗಲಿ. ಹಿಂಬದಿಯಲ್ಲಿ ತಾರೀಖು, ನಿಂತ ಜಾಗ, ನೀರು ಯಾವ ಕಲ್ಲಿನವರೆಗಿತ್ತು ಎಂಬುದು, ಒಪ್ಪಿದವರಿದ್ದರೆ ಅವರ ಹೆಸರು, ಅವರು ಮಾರುತ್ತಿದ್ದ ವಸ್ತು, ಅಂದಿನ ಅದರ ದರ.