ಚಂದನ ವಾಹಿನಿ ಯಾರ ಸೊತ್ತು?

ಕನ್ನಡ ನಾಡಿನ ಮೊದಲ ಬಾನುಲಿಯು ಮೈಸೂರಿನ ಒಬ್ಬ ಅಧ್ಯಾಪಕರ ಮನೆಯಲ್ಲಿ ಹುಟ್ಟಿತು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಸಣ್ಣದೊಂದು ಪ್ರಸಾರಯಂತ್ರವನ್ನು ಮನೆಯಲ್ಲಿರಿಸಿ, ತಮ್ಮ ಕೈಯಿಂದಲೇ ಹಣ ಹಾಕಿ, ಸಂಗೀತವನ್ನೂ ಭಾಷಣಗಳನ್ನೂ ಊರಿಗೆ ಕೇಳಿಸತೊಡಗಿದರು. ಆ ನಿಲಯಕ್ಕೆ ದೊರೆತ ‘ಆಕಾಶವಾಣಿ’ಯೆಂಬ ಹೆಸರು ಮುಂದೆ ಭಾರತದ ಬಾನುಲಿಗೆಲ್ಲ ಹೆಸರಾಯಿತೆಂಬುದು ತಿಳಿದ ವಿಷಯವೇ. ಖರ್ಚು ಒಬ್ಬರ ಕೈಮೀರಿದಾಗ ನಿಲಯವು ಪುರಸಭೆಗೂ, ಅಲ್ಲಿಂದ ಸಂಸ್ಥಾನಕ್ಕೂ ಸೇರಿತು. ಆದರೆ ಅದರ ಮೂಲದಲ್ಲಿ ಒಬ್ಬ ಮನುಷ್ಯನಿದ್ದನು. ಇದರಿಂದ ಊರಿಗೆ ಏನಾಗಬೇಕೆಂಬ ಬಯಕೆ ಆತನಲ್ಲಿ ಸ್ಪಷ್ಟವಾಗಿದ್ದಿತು.

ಕನ್ನಡದ ದೂರದರ್ಶನಕ್ಕೆ ಇಂತಹ ಜನನವಿಲ್ಲ. ಅದು ಬಂದುದು ಎರವಲು ಉಪಗ್ರಹವೊಂದರ ಮೂಲಕ. ಅಮೆರಿಕದವರು ಒಂದು ವರ್ಷದ ಮಟ್ಟಿಗೆ ಕೊಟ್ಟ ಉಪಗ್ರಹದಿಂದ 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ವರೆಗೆ ಆರು ರಾಜ್ಯಗಳ 2400 ಹಳ್ಳಿಗಳಿಗೆ ಶಿಕ್ಷಣದ ಕಾರ್ಯಕ್ರಮಗಳು ಪ್ರಸಾರವಾದುವು. ಕರ್ನಾಟಕದಲ್ಲಿ ಈ ಭಾಗ್ಯ ಸಂದುದು ಬೆಂಗಳೂರಿಗಲ್ಲ, ಕಲಬುರಗಿ, ರಾಯಚೂರು, ವಿಜಯಪುರಗಳ ಒಣಭೂಮಿಯ ಹಳ್ಳಿಗಳಿಗೆ. ಬೆಳಗ್ಗೆ ಮಕ್ಕಳಿಗೆ ಪಾಠ. ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ ಮುಂತಾದ ವಿಚಾರಗಳು. ಆ ಕನ್ನಡ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದುದು ಹೈದರಾಬಾದಿನಲ್ಲಿ. 1977ರಲ್ಲಿ ಕಲಬುರಗಿಗೆ ಒಂದು ಕೇಂದ್ರ ಬಂದಿತು. ಬೆಂಗಳೂರಿನ ಕೇಂದ್ರವು ಅದರ ತಂಗಿ; 1980ರ ದಶಕದಲ್ಲಿ ಬೆಳೆದು ಅಕ್ಕನನ್ನು ಮೂಲೆಗೆ ಸರಿಸಿದ ತಂಗಿ. ಉಪಗ್ರಹದ ಮೂಲಕ ನಾಡೆಲ್ಲಕ್ಕೂ ಕಾಣುವ ಕನ್ನಡ ವಾಹಿನಿಯು 1990ರ ದಶಕದಲ್ಲಿ ರೂಪುಗೊಂಡು, ಮುಂದೆ ‘ಚಂದನ’ವೆಂಬ ಹೆಸರನ್ನು ಪಡೆಯಿತು.

ಈ ವಾಹಿನಿಯು ಇಂದು ಕಳೆಗುಂದಿದೆಯೆಂದು ಹೇಳುವವರು ಸಾಮಾನ್ಯವಾಗಿ ಒಂದು ಕಾರಣವನ್ನು ಮುಂದಿಡುತ್ತಾರೆ: 1994ರಲ್ಲಿ ‘ಉದಯ’ ಬಂದಿತು, 2000ದ ಕೊನೆಗೆ ‘ಈಟಿವಿ’ ಬಂದಿತು, ಬಳಿಕ ಇನ್ನೂ ಹತ್ತಾರು ಬಂದುವು, ಬಣ್ಣವುಳ್ಳ ಅಂಗಡಿ ತೆರೆದ ಮೇಲೆ ಸರ್ಕಾರಿ ಡಿಪೋಗೆ ಹೋಗುವವರಾರು, ಎಂದು. ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ, ಆದರೆ ಪೂರ್ಣ ಸತ್ಯವಿಲ್ಲ. ಟಿ. ಎನ್. ಸೀತಾರಾಮರು ಮತ್ತು ಅವರ ಜೊತೆಗಾರರು ‘ಮಾಯಾಮೃಗ’ವನ್ನು ಕೊಟ್ಟುದು 1998ರಲ್ಲಿ, ಆಗ ‘ಉದಯ’ಕ್ಕೆ ನಾಲ್ಕು ವರ್ಷ ತುಂಬಿದ್ದಿತು. ಆದರೂ ಆ ದಿನವಹಿ ಧಾರಾವಾಹಿಗಾಗಿ ಮನೆಮಂದಿಯೆಲ್ಲ ದೂರದರ್ಶನದ ಮುಂದೆ ಕುಳಿತರು. ಮಧ್ಯಮವರ್ಗದ ಮನೆಗಳಲ್ಲಿ ಜನ ನಿಜವಾಗಿ ಆಡುವ ಮಾತು, ಸಾಲ ಮತ್ತು ಮಾನಗಳ ನಡುವಣ ತೊಳಲಾಟ, ತೆರೆಯ ಮೇಲೆ ಅಷ್ಟು ಸಹಜವಾಗಿ ಬಂದುದು ವಿರಳ. ಅದಕ್ಕೂ ಹಿಂದೆ ಸದಾನಂದ ಸುವರ್ಣರ ‘ಗುಡ್ಡದ ಭೂತ’ವು ಕರಾವಳಿಯ ಹಳ್ಳಿಯೊಂದರ ಭಯವನ್ನು ಕೆಲವೇ ಕಂತುಗಳಲ್ಲಿ ಹೇಳಿ ಮುಗಿಸಿತು. ಮುಗಿಸುವುದೂ ಒಂದು ಕಲೆ. ಇಂದಿನ ಧಾರಾವಾಹಿಗಳಿಗೆ ಅದು ಮರೆತೇಹೋಗಿದೆ. ಸ್ಪರ್ಧೆಯಿದ್ದಾಗಲೂ ಚಂದನಕ್ಕೆ ಒಳ್ಳೆಯ ಕೃತಿ ದೊರೆತಿತು. ದೊರೆತವರನ್ನು ಉಳಿಸಿಕೊಳ್ಳಲು ಮಾತ್ರ ಅದಕ್ಕೆ ಆಗಲಿಲ್ಲ. ಸೀತಾರಾಮರ ‘ಮನ್ವಂತರ’ವನ್ನು ಜನ ನೋಡಿದುದು ‘ಈಟಿವಿ’ಯಲ್ಲಿ.

ಉಳಿಸಿಕೊಳ್ಳಲಾಗದ್ದಕ್ಕೆ ಕಾರಣವನ್ನು ಕಾರ್ಯಕ್ರಮಗಳಲ್ಲಿ ಹುಡುಕುವುದಕ್ಕಿಂತ ಕಾಯಿದೆಯಲ್ಲಿಯೂ ಲೆಕ್ಕದ ಪುಸ್ತಕದಲ್ಲಿಯೂ ಹುಡುಕುವುದು ಲೇಸು. ಪ್ರಸಾರ ಭಾರತಿ ಕಾಯಿದೆಯನ್ನು ಸಂಸತ್ತು ಅಂಗೀಕರಿಸಿದುದು 1990ರಲ್ಲಿ. ಅದು ಜಾರಿಗೆ ಬಂದುದು 1997ರಲ್ಲಿ. ಮಗುವಿಗೆ ಹೆಸರಿಟ್ಟು ಏಳು ವರ್ಷ ತೊಟ್ಟಿಲಲ್ಲಿಯೇ ಮಲಗಿಸಿದಂತಾಯಿತು. ನಡುವೆ 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಪ್ರಸಾರದ ಅಲೆಗಳು ಸಾರ್ವಜನಿಕರ ಸೊತ್ತು, ಸರ್ಕಾರದ್ದೂ ಅಲ್ಲ, ವ್ಯಾಪಾರಿಗಳದ್ದೂ ಅಲ್ಲ ಎಂಬ ಅರ್ಥದ ತೀರ್ಪನ್ನು ಕೊಟ್ಟಿತ್ತು. ನಾಡಿನ ನಾನಾ ಸೀಮೆಗಳ ಸಂಸ್ಕೃತಿಗಳಿಗೂ ಭಾಷೆಗಳಿಗೂ ತಕ್ಕ ಸ್ಥಾನವನ್ನು ಕೊಡುವುದು ನಿಗಮದ ಕರ್ತವ್ಯವೆಂದು ಪ್ರಸಾರ ಭಾರತಿ ಕಾಯಿದೆಯೂ ಹೇಳುತ್ತದೆ. ಬರೆಹದ ಮಟ್ಟಿಗೆ ಇದಕ್ಕಿಂತ ಸೊಗಸಾದ ವ್ಯವಸ್ಥೆಯನ್ನು ಬಯಸುವಂತಿಲ್ಲ. ಆದರೆ ನೌಕರರನ್ನು ನೇಮಿಸಲು ಅದೇ ಕಾಯಿದೆಯಲ್ಲಿ ಹೇಳಿದ್ದ ನೇಮಕಾತಿ ಮಂಡಲಿಯು ರಚಿತವಾದುದು 2020ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರಿನ ನಿರ್ಮಾಪಕರೂ ಛಾಯಾಗ್ರಾಹಕರೂ ನಿವೃತ್ತಿ ಹೊಂದಿದ್ದರು. ಕೈತುಂಬ ಕೆಲಸ ಕಲಿತವರು ಹೊರಟ ಮೇಲೆ ಆ ಕೆಲಸ ಬಿದ್ದುದು ದಿನಗೂಲಿಯಂತೆ ಬಂದುಹೋಗುವ ತರುಣರ ಮೇಲೆ. ಅವರಲ್ಲಿ ಚುರುಕಿಲ್ಲವೆಂದಲ್ಲ, ಅವರಿಗೆ ನಾಳೆಯಿಲ್ಲ.

ಹಣದ ಮಾತೂ ಹೀಗೆಯೇ. ಬರುವ ಹಣದ ಬಹುಪಾಲು ಸಂಬಳಕ್ಕೂ ಯಂತ್ರಗಳ ಪಾಲನೆಗೂ ಹೋಗಿ, ಕಾರ್ಯಕ್ರಮಕ್ಕೆಂದು ಮಿಗುವುದು ಅಲ್ಪ. ಆ ಅಲ್ಪದ ವಿನಿಯೋಗಕ್ಕೂ ದೆಹಲಿಯ ಕಡೆ ನೋಡಬೇಕು. 2014ರಲ್ಲಿ ಸ್ಯಾಮ್ ಪಿತ್ರೋಡಾ ಸಮಿತಿಯು, ಇದು ಸರ್ಕಾರದ ಪ್ರಸಾರಸಂಸ್ಥೆಯಾಗಿರುವುದನ್ನು ಬಿಟ್ಟು ನಿಜವಾದ ಸಾರ್ವಜನಿಕ ಸಂಸ್ಥೆಯಾಗಬೇಕೆಂದು ಸಲಹೆ ಕೊಟ್ಟಿತು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಆಕಾಶವಾಣಿ, ದೂರದರ್ಶನಗಳ ನವೀಕರಣಕ್ಕಾಗಿ ₹2,539.61 ಕೋಟಿಯ ಯೋಜನೆಯೊಂದನ್ನು ಒಪ್ಪಿತು. ಯಂತ್ರಗಳು ಹೊಸತಾದರೆ ಸಂತೋಷವೇ. ಯಂತ್ರದ ಮುಂದೆ ಯಾರು ಕುಳಿತು ಏನನ್ನು ಹೇಳಬೇಕೆಂಬ ಪ್ರಶ್ನೆ ಆ ಹಣದಿಂದ ತಾನಾಗಿ ಬಗೆಹರಿಯದು.

‘ಚಂದನ’ವೆಂಬ ಹೆಸರು ಬಂದಾಗ ಒಂದು ಹಳೆಯ ಕಥೆಯನ್ನು ನೆನೆಯದಿರುವುದು ಕಷ್ಟ. 1792ರಲ್ಲಿ ಟಿಪ್ಪುಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನು. ಅಲ್ಲಿಂದ ಮುಂದೆ ಎರಡು ಶತಮಾನಗಳ ಕಾಲ, ರಾಜ್ಯ ಬದಲಾದರೂ ಕಟ್ಟಳೆ ಬದಲಾಗಲಿಲ್ಲ. ರೈತನ ಹೊಲದ ಬದುವಿನಲ್ಲಿ ಹುಟ್ಟಿದ ಗಂಧದ ಗಿಡವೂ ರೈತನದಾಗಿರಲಿಲ್ಲ. ಫಲವೇನು? ಕಾಯುವ ಹೊಣೆ ರೈತನಿಗೆ, ಕಳುವಾದರೆ ಭಯ ರೈತನಿಗೆ, ಮರ ಮಾತ್ರ ಸರ್ಕಾರಕ್ಕೆ. ಆದುದರಿಂದ ಗಂಧದ ಮೊಳಕೆ ಕಂಡೊಡನೆ ಕಿತ್ತೆಸೆಯುವುದೇ ಬುದ್ಧಿವಂತಿಕೆಯಾಯಿತು. 2001ರಲ್ಲಿ ಕಾಯಿದೆಯನ್ನು ತಿದ್ದಿ ಭೂಮಿಯ ಒಡೆಯನಿಗೆ ಮರದ ಒಡೆತನವನ್ನು ಕೊಟ್ಟ ಮೇಲೆಯೇ ಜನ ಗಂಧವನ್ನು ನೆಟ್ಟು ಬೆಳೆಸಲು ಮನಸ್ಸುಮಾಡಿದರು. ಅಷ್ಟರಲ್ಲಿ ಕಾಡಿನ ಗಂಧ ಬಹುಮಟ್ಟಿಗೆ ತೀರಿದ್ದಿತು. ವಾಹಿನಿಗೆ ಈ ಹೆಸರಿಟ್ಟವರು ಕಂಪನ್ನು ನೆನೆದಿರಬೇಕು, ಕಟ್ಟಳೆಯನ್ನು ನೆನೆದಿರಲಾರರು.

ಇಷ್ಟೆಲ್ಲದರ ನಡುವೆಯೂ ಚಂದನದಲ್ಲಿ ಒಂದು ಕಾರ್ಯಕ್ರಮ ಜನರ ಸ್ವಂತವಾಗಿದೆ. 2002ರಲ್ಲಿ ಆರಂಭವಾದ ‘ಥಟ್ ಅಂತ ಹೇಳಿ!’ ರಸಪ್ರಶ್ನೆಯು ಮೂರು ಸಾವಿರ ಕಂತುಗಳನ್ನು ಎಂದೋ ದಾಟಿತು. ಅದನ್ನು ನಡೆಸಿಕೊಂಡು ಬಂದ ನಾ. ಸೋಮೇಶ್ವರರು ವೃತ್ತಿಯಿಂದ ವೈದ್ಯರು. ಮೂವರು ಸ್ಪರ್ಧಿಗಳು, ಒಂದು ಸಾಧಾರಣವಾದ ವೇದಿಕೆ, ಸರಿಯುತ್ತರಕ್ಕೆ ಬಹುಮಾನವಾಗಿ ಒಂದು ಕನ್ನಡ ಪುಸ್ತಕ. ಇಷ್ಟೇ ಬಂಡವಾಳ. ಕೋಟಿ ರೂಪಾಯಿಯ ಆಸೆ ತೋರುವ ಪ್ರಶ್ನೋತ್ತರಗಳು ಬೇರೆಡೆ ಬಂದುವು, ಹೋದುವು. ಪುಸ್ತಕ ಕೊಡುವ ಈ ಸ್ಪರ್ಧೆ ನಿಂತಿತು.

ಇದರ ಗುಣವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇಲ್ಲಿ ಪ್ರಶ್ನೆ ಸ್ಪರ್ಧಿಯನ್ನು ಬೀಳಿಸಲು ಹೂಡಿದ ಬಲೆಯಲ್ಲ. ಉತ್ತರ ತಿಳಿಯದಿದ್ದವನಿಗೂ ವಿವರಣೆ ದೊರೆಯುತ್ತದೆ, ಅದು ಮನೆಯಲ್ಲಿ ಕುಳಿತವರಿಗೂ ಸಲ್ಲುತ್ತದೆ. ವಚನಕಾರನ ಬಳಿ ವಿಜ್ಞಾನಿ, ಗಾದೆಯ ಬಳಿ ಗಣಿತ, ಯಾವುದೂ ಕೀಳಲ್ಲವೆಂಬಂತೆ ಒಟ್ಟಿಗೆ ಬರುತ್ತವೆ. ಮಾತಿನಲ್ಲಿ ಅವಸರವಿದ್ದರೂ ಅಬ್ಬರವಿಲ್ಲ. ಸ್ಪರ್ಧಿಗಳು ಸಣ್ಣ ಊರುಗಳಿಂದಲೂ ಬರುತ್ತಾರೆ: ಮಾಸ್ತರರು, ಗೃಹಿಣಿಯರು, ಬ್ಯಾಂಕಿನ ಗುಮಾಸ್ತರು, ಕಾಲೇಜಿನ ಹುಡುಗರು. ಅವರು ತಮ್ಮ ಊರಿನ ಕನ್ನಡದಲ್ಲಿಯೇ ಉತ್ತರ ಕೊಡುತ್ತಾರೆ. ಟೀಕಿಸತಕ್ಕದ್ದು ಇಲ್ಲಿಯೂ ಉಂಟು. ಜ್ಞಾಪಕಶಕ್ತಿಯನ್ನೇ ಜ್ಞಾನವೆಂದು ಎಣಿಸುವ ಅಪಾಯ ಎಲ್ಲ ರಸಪ್ರಶ್ನೆಗಳಿಗೂ ಇರುವಂತೆ ಇದಕ್ಕೂ ಇದೆ. ಆದರೆ ಒಬ್ಬ ನಡೆಸುವವನು, ಒಂದು ಉದ್ದೇಶ, ಇಪ್ಪತ್ತು ವರ್ಷಗಳಿಗೂ ಮಿಕ್ಕ ನಿಷ್ಠೆ: ಇಷ್ಟಿದ್ದರೆ ಬಡತನವು ತಾನಾಗಿ ವಾಹಿನಿಯನ್ನು ಕೊಲ್ಲುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಹಾಗಿದ್ದರೆ ಇದರ ಜೊತೆಗೆ ಇಂಥವು ಇನ್ನೂ ನಾಲ್ಕಾರು ಏಕೆ ಬೆಳೆಯಲಿಲ್ಲ? ಜಿಲ್ಲೆಗಳ ಚರಿತ್ರೆ, ಹೊಸ ಪುಸ್ತಕಗಳ ವಿಮರ್ಶೆ, ಯಕ್ಷಗಾನ ಮತ್ತು ದೊಡ್ಡಾಟಗಳ ಕ್ರಮಬದ್ಧವಾದ ಪರಿಚಯ, ಇವೆಲ್ಲ ಆಗೊಮ್ಮೆ ಈಗೊಮ್ಮೆ ಬಂದು ಮರೆಯಾಗುವುವೇ ಹೊರತು ಯಾವ ಮನೆಯಲ್ಲಿಯೂ ಅಭ್ಯಾಸವಾಗಿ ಬೇರೂರಲಿಲ್ಲ. ಸುದ್ದಿಯ ಭಾಷೆಯೂ ಅಷ್ಟೆ. ಶುದ್ಧವಾಗಿದೆ, ಸಂಯಮದಿಂದಿದೆ, ಆದರೆ ಅನೇಕ ವೇಳೆ ದೆಹಲಿಯ ಪ್ರಕಟಣೆಯೊಂದರ ಭಾಷಾಂತರದಂತೆ ಕೇಳುತ್ತದೆ. ಬೀದರಿನ ಮಾತು, ಕುಂದಾಪುರದ ಮಾತು ಅದರೊಳಗೆ ಅತಿಥಿಗಳಾಗಿ ಮಾತ್ರ ಬಂದಾವು.

ವಾಹಿನಿಯ ಅವಶ್ಯಕತೆ ತೀರಿಲ್ಲವೆಂಬುದು 2020ರಲ್ಲಿ ಎಲ್ಲರಿಗೂ ಕಂಡಿತು. ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದಾಗ ರಾಜ್ಯದ ಶಿಕ್ಷಣ ಇಲಾಖೆಯು ಪ್ರೌಢಶಾಲೆಯ ಮಕ್ಕಳಿಗೆ ‘ಸಂವೇದ’ ಎಂಬ ಪಾಠಗಳನ್ನು ಕೊಡಿಸಿದುದು ಚಂದನದ ಮೂಲಕವೇ. ಕೈಯಲ್ಲಿ ಮೊಬೈಲಿಲ್ಲದ ಮನೆಗಳಿಗೆ ಪಾಠ ಹೇಳಲು ಅಂದು ಹತ್ತಿರದ ದಾರಿ ಅದಾಗಿದ್ದಿತು. 1975ರಲ್ಲಿ ಯಾವ ಕೆಲಸಕ್ಕಾಗಿ ಕನ್ನಡದ ದೂರದರ್ಶನ ಹುಟ್ಟಿತೋ ಅದೇ ಕೆಲಸಕ್ಕೆ ನಲವತ್ತೈದು ವರ್ಷಗಳ ಬಳಿಕ ಮತ್ತೆ ಕರೆ ಬಂದಿತು. ಶಾಲೆಗಳು ತೆರೆದ ಮೇಲೆ ಆ ನೆನಪೂ ಮಸುಕಾಯಿತು.

ಒಡೆತನದ ಮಾತು ಬರಿಯ ಭಾವನೆಯೆಂದು ಕೆಲವರಿಗೆ ತೋರಬಹುದು. ಅಂಥವರು ಬ್ರಿಟನ್ನಿನ ವೇಲ್ಸ್ ಸೀಮೆಯ ಕಡೆಗೊಮ್ಮೆ ನೋಡಬೇಕು. ಅಲ್ಲಿಯ ಜನರಿಗೆ ವೆಲ್ಷ್ ಭಾಷೆಯಲ್ಲಿ ಒಂದು ವಾಹಿನಿಯನ್ನು ಕೊಡುವುದಾಗಿ ಮಾತು ಕೊಟ್ಟು ಗೆದ್ದ ಬ್ರಿಟಿಷ್ ಸರ್ಕಾರವು ಆಮೇಲೆ ಹಿಂದೆಗೆಯಿತು. 1980ರಲ್ಲಿ ಗ್ವಿನ್‌ಫರ್ ಇವಾನ್ಸ್ ಎಂಬ ಹಿರಿಯ ರಾಜಕಾರಣಿಯು ಸಾಯುವ ತನಕ ಉಪವಾಸ ಮಾಡುವೆನೆಂದು ಘೋಷಿಸಿದನು. ದೂರದರ್ಶನದ ಪರವಾನಗಿಯ ಶುಲ್ಕವನ್ನು ಕೊಡುವುದಿಲ್ಲವೆಂದು ಬಹುಮಂದಿ ಹಟ ಹಿಡಿದರು. ಉಪವಾಸ ಆರಂಭವಾಗುವುದಕ್ಕೆ ಮುಂಚೆಯೇ ಸರ್ಕಾರ ಮಣಿಯಿತು. 1982ರ ನವೆಂಬರ್ 1ರಂದು ‘ಎಸ್‌4ಸಿ’ ಎಂಬ ವೆಲ್ಷ್ ವಾಹಿನಿ ಆರಂಭವಾಯಿತು. ಕನ್ನಡಿಗರಿಗೆ ಆ ತಾರೀಖು ಬೇರೆ ಕಾರಣದಿಂದ ಪರಿಚಿತ. 2021ರ ಜನಗಣತಿಯಂತೆ ವೇಲ್ಸಿನಲ್ಲಿ ವೆಲ್ಷ್ ಬಲ್ಲವರು ಸುಮಾರು 5 ಲಕ್ಷ 38 ಸಾವಿರ. 2011ರ ಗಣತಿಯಂತೆ ಕನ್ನಡವನ್ನು ತಾಯ್ನುಡಿಯೆಂದು ಬರೆಯಿಸಿದವರು 4 ಕೋಟಿ 37 ಲಕ್ಷ. ಆ ವಾಹಿನಿಗೂ ಸಂಕಟಗಳು ತಪ್ಪಿಲ್ಲ. 2010ರ ತರುವಾಯ ಅದರ ಅನುದಾನವೂ ಬಹಳವಾಗಿ ಕಡಿತಗೊಂಡಿತು. ಆದರೆ ಅದಕ್ಕೆ ಪೆಟ್ಟು ಬಿದ್ದಾಗ ನೋವೆನ್ನುವವರು ಹೊರಗೆ ಇದ್ದಾರೆ.

ಚಂದನಕ್ಕೆ ಅಂಥವರು ಎಷ್ಟು ಮಂದಿ? ಮನೆಯ ಮಾಡಿನ ಮೇಲೆ ಒಂದು ಆಂಟೆನವನ್ನು ಕಟ್ಟಿದರೆ ತಿಂಗಳ ಬಾಡಿಗೆಯಿಲ್ಲದೆ ಚಿತ್ರ ಕಾಣುತ್ತಿದ್ದ ಕಾಲ ಈಗಿಲ್ಲ. ನೆಲದ ಮೇಲಿನ ಹಳೆಯ ಬಗೆಯ ಪ್ರಸಾರಕೇಂದ್ರಗಳನ್ನು, ಗಡಿಯೇ ಮೊದಲಾದ ಮುಖ್ಯ ಸ್ಥಳಗಳ ಕೆಲವನ್ನು ಬಿಟ್ಟು, 2022ರ ಮಾರ್ಚ್ ಹೊತ್ತಿಗೆ ದೇಶದಾದ್ಯಂತ ಮುಚ್ಚಲಾಯಿತು. ಅವುಗಳ ಬದಲಿಗೆ 2004ರಲ್ಲಿ ಆರಂಭವಾದ ಉಚಿತ ಡಿಶ್ ಉಂಟು. ಆದರೆ ಅದು ಹೆಚ್ಚಾಗಿ ಹರಡಿದುದು ಹಿಂದೀ ಸೀಮೆಯಲ್ಲಿ. ಕೇಬಲಿನವರು ದೂರದರ್ಶನದ ವಾಹಿನಿಗಳನ್ನು ಕೊಡಲೇಬೇಕೆಂದು 1995ರ ಕಾಯಿದೆ ವಿಧಿಸಿರುವುದರಿಂದ ಕನ್ನಡದ ಮನೆಗಳಲ್ಲಿ ಚಂದನ ಎಲ್ಲೋ ಒಂದು ಅಂಕೆಯ ಹಿಂದೆ ಇದ್ದೇ ಇರುತ್ತದೆ. ಆ ಅಂಕೆ ಯಾವುದೆಂದು ಮನೆಯ ಹಿರಿಯರಿಗೆ ಗೊತ್ತು, ಮಕ್ಕಳಿಗೆ ಗೊತ್ತಿಲ್ಲ. ಅಂತರ್ಜಾಲದಲ್ಲಿ ಹಳೆಯ ಕಾರ್ಯಕ್ರಮಗಳು ಕೆಲವು ದೊರೆಯುತ್ತಿವೆ. 2024ರ ನವೆಂಬರಿನಲ್ಲಿ ಪ್ರಸಾರ ಭಾರತಿಯು ‘ವೇವ್ಸ್’ ಎಂಬ ಹೊಸ ವೇದಿಕೆಯನ್ನೂ ತೆರೆಯಿತು. ಅಲ್ಲಿ ಹುಡುಕಿ ನೋಡುವವನಿಗೆ ಮೊದಲು ಹೆಸರು ನೆನಪಿರಬೇಕು.

ಪ್ರಸಾರಕೇಂದ್ರಗಳು ಒಂದೊಂದಾಗಿ ಮೌನವಾದ ಆ ತಿಂಗಳುಗಳಲ್ಲಿ ಕನ್ನಡ ನಾಡಿನಲ್ಲಿ ದೊಡ್ಡ ಸದ್ದೇನೂ ಆಗಲಿಲ್ಲ. ಸಾಹಿತ್ಯ ಸಮ್ಮೇಳನಗಳ ನಿರ್ಣಯಗಳಲ್ಲಿ ನಾಮಫಲಕಗಳ ಕನ್ನಡಕ್ಕೆ ದೊರೆಯುವ ಸಾಲುಗಳು ಈ ವಾಹಿನಿಯ ಕನ್ನಡಕ್ಕೆ ದೊರೆತುದು ಅಪರೂಪ. ಜಿಲ್ಲೆಯ ಸಾಹಿತ್ಯಸಂಘಗಳು ತಮ್ಮ ಕವಿಗೋಷ್ಠಿಗೆ ದೂರದರ್ಶನದ ಕ್ಯಾಮೆರಾ ಬರಲಿಲ್ಲವೆಂದು ನೊಂದುಕೊಳ್ಳುವುದುಂಟು. ಬಂದು ಚಿತ್ರಿಸಿಕೊಂಡು ಹೋದುದು ಯಾವ ಕಪಾಟಿನಲ್ಲಿದೆಯೆಂದು ಬರೆದು ಕೇಳಿದವರ ಸಂಖ್ಯೆ ದೊಡ್ಡದಿರಲಾರದು.