ನಡೆದಾಡುವ ಭೂತ ಮತ್ತು ಅವ್ವನ ಉದ್ರಿ ಪುಸ್ತಕ

ನಮ್ಮ ಅಣ್ಣ ಫ್ಯಾಂಟಮ್ ಆದಾಗಲೆಲ್ಲ ನಾನು ಡೆವಿಲ್ ಆಗಬೇಕಾಗುತ್ತಿತ್ತು. ಡೆವಿಲ್ ಅಂದರೆ ಫ್ಯಾಂಟಮ್‌ನ ನಾಯಿ. ‘ನಾಯಿ ಅಲ್ಲ, ತೋಳ’ ಎಂದು ಅಣ್ಣ ಇವತ್ತಿಗೂ ತಿದ್ದುತ್ತಾನೆ. ಕೆರೂರಿನ ನಮ್ಮ ಮನೆಯ ಹಿತ್ತಲೇ ಡೆಂಕಾಲಿಯ ಕಾಡು. ಖಾಲಿ ಬಿದ್ದಿದ್ದ ಹಗೇವು ತಲೆಬುರುಡೆಯ ಗವಿ. ಅದರೊಳಗೆ ಇಳಿಯಬೇಡಿರೆಂದು ಅವ್ವ ಒಳಗಿನಿಂದ ಕೂಗುವವರೆಗೆ ನಮ್ಮ ರಾಜ್ಯಭಾರ ನಡೆಯುತ್ತಿತ್ತು.

ಅಪ್ಪನದು ಕಿರಾಣಿ ಅಂಗಡಿ. ಮಾಲು ತರಲು ಬಾಗಲಕೋಟೆಗೆ ಹೋದಾಗ ಬಸ್ ಸ್ಟ್ಯಾಂಡಿನಲ್ಲಿ ನಮಗೊಂದು ಇಂದ್ರಜಾಲ ಕಾಮಿಕ್ಸ್ ಕೊಂಡು ತರುತ್ತಿದ್ದ. ಟೈಮ್ಸ್ ಆಫ್ ಇಂಡಿಯಾದವರು 1964ರಲ್ಲಿ ಶುರುಮಾಡಿದ ಈ ಮಾಲಿಕೆ ಕನ್ನಡದಲ್ಲೂ ಬರುತ್ತಿತ್ತು. 1990ರಲ್ಲಿ ನಿಂತುಹೋಯಿತು. ನಮ್ಮಲ್ಲಿ ಉಳಿದ ಪುಸ್ತಕಗಳನ್ನು ಅಣ್ಣ ರಟ್ಟು ಹಾಕಿಸಿ, ಬೇವಿನ ಎಲೆ ಇಟ್ಟು, ಟ್ರಂಕಿನಲ್ಲಿ ಕಾಪಾಡಿದ್ದಾನೆ. ಮಗನ ಲಗ್ನದ ಫೋಟೊ ಎಲ್ಲಿವೆ ಎಂದು ಕೇಳಿದರೆ ಹುಡುಕಬೇಕು. ಫ್ಯಾಂಟಮ್ ಎಲ್ಲಿದ್ದಾನೆ ಎಂದು ಕೇಳಿದರೆ ಹುಡುಕಬೇಕಿಲ್ಲ.

ಹೋದ ಬೇಸಿಗೆಯಲ್ಲಿ ಅಣ್ಣನ ಮೊಮ್ಮಗಳು ಸೂಟಿಗೆ ಬಂದಿದ್ದಳು. ಟ್ರಂಕು ತೆರೆದು ಅಜ್ಜ ಅವಳಿಗೆ ಕಥೆ ಹೇಳಿದ. 1536ರಲ್ಲಿ ಕಡಲುಗಳ್ಳರು ಒಂದು ಹಡಗಿನ ಮೇಲೆ ಬಿದ್ದದ್ದು, ಉಳಿದ ಒಬ್ಬನೇ ಹುಡುಗ ದಡ ಸೇರಿದ್ದು, ತಂದೆಯ ಕೊಲೆಗಾರನ ತಲೆಬುರುಡೆಯ ಮೇಲೆ ಕೈಯಿಟ್ಟು ಆಣೆ ಮಾಡಿದ್ದು. ತಂದೆ ಸತ್ತರೆ ಮಗ ಅದೇ ಮುಖವಾಡ ಹಾಕುವುದು. ಈಗಿನವನು ಇಪ್ಪತ್ತೊಂದನೆಯವನು. ಕಾಡಿನ ಜನ ಮಾತ್ರ ಅವನಿಗೆ ಸಾವೇ ಇಲ್ಲ, ಅವನು ನಡೆದಾಡುವ ಭೂತ ಎಂದು ನಂಬಿದ್ದಾರೆ.

ಹುಡುಗಿ ಎಲ್ಲ ಕೇಳಿ, ನನ್ನ ಕಡೆ ತಿರುಗಿ, ‘ಅಜ್ಜೀ, ಇಪ್ಪತ್ತೊಂದು ಮಂದಿ ಅಪ್ಪ ಅಂದ್ರ ಇಪ್ಪತ್ತೊಂದು ಮಂದಿ ಅವ್ವ ಇರಬೇಕಲ್ಲ? ಅವರೆಲ್ಲ ಎಲ್ಲಿ?’ ಅಂದಳು.

ಅಣ್ಣ ನಕ್ಕ. ನನಗೆ ನಗು ಬರಲಿಲ್ಲ. ಐವತ್ತು ವರ್ಷ ಓದಿದ ನನಗೆ ಈ ಲೆಕ್ಕ ಯಾಕೆ ಹೊಳೆಯಲಿಲ್ಲ? ಆ ರಾತ್ರಿ ರಟ್ಟಿನ ಪುಸ್ತಕಗಳನ್ನು ಮತ್ತೆ ತೆಗೆದು ಕೂತೆ.

ಮೊದಲು ಕಂಡದ್ದು ಡಯಾನಾ. ಅಮೆರಿಕದ ಲೀ ಫಾಕ್ 1936ರ ಫೆಬ್ರುವರಿಯಲ್ಲಿ ಫ್ಯಾಂಟಮ್ ಕಥೆ ಶುರುಮಾಡಿದಾಗಲೇ ಅವಳಿದ್ದಾಳೆ. ಆಗ ಅವಳು ಗಂಡಸರ ಜೊತೆ ಮುಷ್ಟಿಯುದ್ಧಕ್ಕೆ ನಿಲ್ಲುವ ಗಟ್ಟಿಗಿತ್ತಿ. ಅವಳ ಮದುವೆ ಆದದ್ದು 1977ರಲ್ಲಿ. ನಲವತ್ತೊಂದು ವರ್ಷ! ನಮ್ಮ ಕಡೆ ನಿಶ್ಚಯವಾದ ಲಗ್ನ ಎರಡು ವರ್ಷ ಮುಂದೆ ಹೋದರೆ ಹೆಣ್ಣಿನಲ್ಲಿ ಏನು ಐಬು ಎಂದು ಕೇಳುತ್ತಾರೆ. ಅವಳು ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡುತ್ತಾಳೆ, ದೇಶ ದೇಶ ತಿರುಗುತ್ತಾಳೆ, ಆದರೂ ಕಥೆಯಲ್ಲಿ ಅವಳ ಮುಖ್ಯ ಉದ್ಯೋಗ ಅಪಹರಣಕ್ಕೆ ಒಳಗಾಗುವುದು ಮತ್ತು ಕಾಯುವುದು. ಹದಿನೇಳನೆಯ ಫ್ಯಾಂಟಮ್‌ನ ಅವಳಿ ತಂಗಿ ಜೂಲಿ ಒಮ್ಮೆ ಅಣ್ಣ ಪೆಟ್ಟು ತಿಂದು ಮಲಗಿದಾಗ ಅವನ ಉಡುಪು ತೊಟ್ಟು ಅವನ ಕೆಲಸ ನಿಭಾಯಿಸಿದ ಕಥೆಯೂ ಉಂಟು. ಅಣ್ಣನಿಗೆ ವಾಸಿಯಾಯಿತು, ಉಡುಪು ವಾಪಸು ಹೋಯಿತು. ಅವಳು ಮಾಡಬಲ್ಲಳು ಎಂಬುದು ಸಾಬೀತಾದ ಮೇಲೂ ಪಟ್ಟ ಮಾತ್ರ ಗಂಡುಮಗನದೇ.

ಎರಡನೆಯದು ಇನ್ನೂ ಕಹಿ. ಕಾಡಿನ ಬಂಡಾರ್ ಜನರಿಗೆ ವಿಷದ ಬಾಣವುಂಟು, ಗುರಾನ್‌ನಂಥ ಮುಖಂಡನೂ ಉಂಟು. ಆದರೂ ಅವರ ಜಗಳ ತೀರಿಸಲು ಸಿಂಹಾಸನದ ಮೇಲೆ ಬಿಳಿಯನೊಬ್ಬ ಕೂಡಬೇಕು. ನಾಲ್ಕು ನೂರು ವರ್ಷದಲ್ಲಿ ಅವರೊಳಗೆ ಒಬ್ಬನೂ ಆ ಕುರ್ಚಿಗೆ ತಕ್ಕವನಾಗಲಿಲ್ಲವೆ? ಮೂಲದಲ್ಲಿ ಆ ದೇಶದ ಹೆಸರು ಬೆಂಗಾಲ್ಲಾ. ನಮ್ಮ ಬಂಗಾಳ ನೆನಪಾದೀತೆಂದು ಇಲ್ಲಿಯವರು ಅದನ್ನು ಡೆಂಕಾಲಿ ಮಾಡಿದರು. ಹೆಸರು ಬದಲಾಯಿತು, ಸಿಂಹಾಸನದ ಮೇಲಿನವನು ಬದಲಾಗಲಿಲ್ಲ.

ನಾವು ಯಾವ ಸೀಮೆಯವರು? ಮುಧೋಳದ ಹತ್ತಿರದ ಹಲಗಲಿಯಲ್ಲಿ 1857ರಲ್ಲಿ ಆಯುಧ ಒಪ್ಪಿಸುವುದಿಲ್ಲ ಎಂದು ಬೇಡರು ಬ್ರಿಟಿಷರಿಗೆ ಎದುರು ನಿಂತರು. ಊರಿಗೆ ಬೆಂಕಿ ಬಿತ್ತು, ಹಿಡಿದವರನ್ನು ಗಲ್ಲಿಗೇರಿಸಿದರು. ಆ ಲಾವಣಿ ಕೇಳಿ ಅಪ್ಪ ಕಣ್ಣೊರೆಸಿಕೊಳ್ಳುತ್ತಿದ್ದ. ಅದೇ ಅಪ್ಪ ತಂದ ಪುಸ್ತಕದಲ್ಲಿ ಬಿಲ್ಲು ಹಿಡಿದ ಕಾಡಿನವರು ಬಿಳಿಯನಿಗೆ ಕೈಮುಗಿದು ನಿಂತದ್ದನ್ನು ನಾವು ಬಾಯಿ ತೆರೆದು ನೋಡುತ್ತಿದ್ದೆವು. ಎರಡೂ ಒಂದೇ ಕಂದೀಲಿನ ಬೆಳಕಿನಲ್ಲಿ ನಡೆದವು, ಒಂದಕ್ಕೊಂದು ಮುಖಾಮುಖಿ ಆಗಲೇ ಇಲ್ಲ.

ಬೆಳಿಗ್ಗೆ ಇದನ್ನೆಲ್ಲ ಹೇಳಿದೆ. ಅಣ್ಣನ ಮುಖ ಕೆಂಪಾಯಿತು. ‘ಹುಡುಗರ ಪುಸ್ತಕದಾಗ ಇಷ್ಟ ಯಾಕ ಹುಡುಕ್ತೀ ತಂಗಿ? ಅಂವಾ ಬಡವರಿಗೆ ಎಂದರೆ ಅನ್ಯಾಯ ಮಾಡ್ಯಾನೇನು?’

ಅವನ ಮಾತಿನಲ್ಲೂ ಸತ್ಯವಿದೆ. ಫ್ಯಾಂಟಮ್ ಕುಡಿಯುವುದಿಲ್ಲ, ಹೋಟೆಲಿಗೆ ಹೋದರೆ ಹಾಲು ಕೇಳುತ್ತಾನೆ. ಕೊಟ್ಟ ಮಾತಿಗೆ ತಪ್ಪುವುದಿಲ್ಲ. ಬಂದೂಕಿದ್ದರೂ ಕೊಲ್ಲಲು ಹೋಗುವುದಿಲ್ಲ. ನಮ್ಮ ಅಣ್ಣ ಇಡೀ ಜನ್ಮದಲ್ಲಿ ಒಬ್ಬರಿಗೂ ತೂಕದಲ್ಲಿ ಮೋಸ ಮಾಡಲಿಲ್ಲವೆಂದರೆ ಅದರಲ್ಲಿ ಈ ಪುಸ್ತಕಗಳ ಪಾಲೂ ಇದೆ ಎಂದು ನಾನು ನಂಬಿದ್ದೇನೆ. ಅಮೆರಿಕದಲ್ಲೇ 1986ರ ಹೊತ್ತಿಗೆ ‘ವಾಚ್‌ಮೆನ್’ನಂಥ ಕಥೆಗಳು ಮುಖವಾಡದ ವೀರರನ್ನು ಕಟಕಟೆಗೆ ತಂದು ನಿಲ್ಲಿಸಿದ್ದವು. ಅಲ್ಲಿಯ ಪ್ರಶ್ನೆ, ಇವರ ಕೈಗೆ ಇಷ್ಟು ಬಲ ಕೊಟ್ಟವರು ಯಾರು ಎಂಬುದು. ನನ್ನ ಪ್ರಶ್ನೆ ಅಷ್ಟು ದೊಡ್ಡದಲ್ಲ. ಸಾವಿಲ್ಲದವನು ಎನಿಸಿಕೊಳ್ಳಲು ಯಾರ ಯಾರ ಹೆಸರು ಅಳಿಯಬೇಕಾಯಿತು ಎಂಬುದಷ್ಟೆ.

ಇದನ್ನು ಕೇಳುವಾಗ ನನಗೆ ನಮ್ಮ ಅಂಗಡಿ ಕಾಣುತ್ತದೆ. ಅಪ್ಪ ತೀರಿಕೊಂಡದ್ದು 1984ರಲ್ಲಿ. ಹದಿಮೂರು ದಿನ ಕಳೆದು ಅಣ್ಣ ಅದೇ ಗಲ್ಲೆಯ ಮುಂದೆ ಅಪ್ಪನ ಹಾಗೆ ಟೊಪ್ಪಿಗೆ ಹಾಕಿಕೊಂಡು ಕೂತ. ಬೋರ್ಡಿನ ಮೇಲೆ ಅಪ್ಪನ ಹೆಸರು, ಅದರ ಮುಂದೆ ‘ಮತ್ತು ಮಗ’ ಎಂದು ಸೇರಿತು. ‘ಅಪ್ಪನ ಕೂತ್ಹಂಗ ಐತಿ’ ಎಂದು ಗಿರಾಕಿಗಳು ಹರ್ಷಪಟ್ಟರು. ನಡೆದಾಡುವ ಭೂತ ಕೆರೂರಿನಲ್ಲೂ ನಡೆದಾಡಿತು.

ಆದರೆ ಮೂವತ್ತು ವರ್ಷ ಉದ್ರಿ ಪುಸ್ತಕ ಬರೆದವಳು ಅವ್ವ. ಅಪ್ಪನ ಅಕ್ಷರ ಅವನಿಗೇ ತಿಳಿಯುತ್ತಿರಲಿಲ್ಲ. ರಾತ್ರಿ ರೊಟ್ಟಿ ಬಡಿದು ಮುಗಿಸಿ, ಕೈ ತೊಳೆದುಕೊಂಡು, ಯಾರಿಗೆ ಎಷ್ಟು ಬೆಲ್ಲ, ಎಷ್ಟು ಎಣ್ಣೆ, ಯಾರ ಮನೆಯಲ್ಲಿ ಬಾಣಂತನ, ಯಾರಿಗೆ ಈ ತಿಂಗಳು ಕೇಳಬಾರದು ಎಂದೆಲ್ಲ ಅವಳು ಬರೆದಿಟ್ಟಳು. ತಲೆಬುರುಡೆಯ ಗವಿಯಲ್ಲಿ ಒಬ್ಬೊಬ್ಬ ಫ್ಯಾಂಟಮ್ ತನ್ನ ಸಾಹಸ ಬರೆದಿಟ್ಟ ದಪ್ಪ ಪುಸ್ತಕಗಳ ಸಾಲಿದೆ. ನಮ್ಮ ಮನೆಯ ಅಂಥ ಪುಸ್ತಕ ಬರೆದವಳ ಹೆಸರು ಪುಸ್ತಕದ ಮೇಲಿಲ್ಲ, ಬೋರ್ಡಿನ ಮೇಲೂ ಇಲ್ಲ.

ಹೆಸರು ಬರೆಯುವುದು ನಮ್ಮ ನೆಲಕ್ಕೆ ಗೊತ್ತಿಲ್ಲದ್ದೇನಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ಕಟ್ಟಿಸಿದವಳು ರಾಣಿ ಲೋಕಮಹಾದೇವಿ. ಗೆದ್ದವನು ಅವಳ ಗಂಡ ಇಮ್ಮಡಿ ವಿಕ್ರಮಾದಿತ್ಯನಾದರೂ ಗುಡಿಗೆ ಲೋಕೇಶ್ವರ ಎಂದು ಅವಳ ಹೆಸರೇ ಇತ್ತು. ಕಟ್ಟಿದ ಗುಂಡನ ಹೆಸರೂ ಅಲ್ಲಿ ಕಲ್ಲಿನಲ್ಲಿದೆ. ನಮ್ಮೂರಿನಿಂದ ಬಾದಾಮಿ ದಾಟಿದರೆ ಪಟ್ಟದಕಲ್ಲು. ಎಷ್ಟು ಸಲ ಹೋಗಿದ್ದೇವೆ, ಬುತ್ತಿ ಕಟ್ಟಿಕೊಂಡು!

ನಾನು ಊರಿಗೆ ಹೊರಡುವ ದಿನ ಅಣ್ಣ ಟ್ರಂಕಿನ ಮುಂದೆ ಕೂತಿದ್ದ. ‘ಹಂಗಾರ ಇವನ್ನೆಲ್ಲ ರದ್ದಿಗೆ ಹಾಕಿಬಿಡಲೇನು?’ ಎಂದು ಕೇಳಿದ. ಸಿಟ್ಟಿನಲ್ಲಿ ಕೇಳಿದನೋ, ದುಃಖದಲ್ಲೋ ತಿಳಿಯಲಿಲ್ಲ.

‘ಬ್ಯಾಡ ಅಣ್ಣಾ, ಇರಲಿ. ಕೂಸು ಓದಲಿ’ ಅಂದೆ. ‘ಆದರ ಅವ್ವನ ಉದ್ರಿ ಪುಸ್ತಕನೂ ಇದರಾಗ ಇಡು.’

ಅವನು ಎದ್ದು ಅಟ್ಟದ ಮೇಲೆ ಬಹಳ ಹೊತ್ತು ಹುಡುಕಿದ. ಎರಡು ಸಿಕ್ಕವು. ಉಳಿದವನ್ನು ಯಾವತ್ತೋ ಪೊಟ್ಟಣ ಕಟ್ಟಲು ಹರಿದಿದ್ದೆವು. ಹರಿದವಳು ನಾನೇ ಇದ್ದರೂ ಇದ್ದೇನು. ಆ ಎರಡಕ್ಕೂ ಅಣ್ಣ ರಟ್ಟು ಹಾಕಿಸಿದ್ದಾನೆಂದು ಸೊಸೆ ಫೋನಿನಲ್ಲಿ ಹೇಳಿದಳು. ಮೇಲೆ ಏನು ಬರೆಸಿದ್ದಾನೆ ಎಂದು ನಾನು ಕೇಳಲಿಲ್ಲ. ಬರುವ ಬನಶಂಕರಿ ಜಾತ್ರೆಗೆ ಹೋದಾಗ ನೋಡುತ್ತೇನೆ.