ಕಲ್ಲಿಗೆ ಬಾಡಿಗೆ ಮನೆ: ಟ್ಯೂರಿನ್‌ನ ಈಜಿಪ್ಟ್ ಸಂಗ್ರಹಾಲಯವನ್ನು ಓದುಗನ ಕಣ್ಣಿಂದ ನೋಡಿದಾಗ

ಶಾಸನಾಸಕ್ತರು ಒಂದು ಕಲ್ಲಿನ ಮುಂದೆ ನಿಂತರೆ ಕೇಳೋ ಪ್ರಶ್ನೆಗಳು ಗೊತ್ತಿರುವಂಥವೇ. ಎಷ್ಟು ಸಾಲು, ಯಾವ ಕಾಲದ ಲಿಪಿ, ಯಾವ ಅರಸ, ಯಾರು ದಾನ ಕೊಟ್ಟರು. ಆ ಕಲ್ಲು ಈಗ ಎಂಥಾ ಮನೆಯಲ್ಲಿ ಕೂತಿದೆ ಅನ್ನೋ ಪ್ರಶ್ನೆಯನ್ನು ಕೇಳುವವರು ಕಡಿಮೆ. ಆದರೆ ಯಾವ ಸಾಲು ಓದಲು ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂಬುದನ್ನು ಎಷ್ಟೋ ಸಲ ಆ ಮನೆಯೇ ತೀರ್ಮಾನಿಸಿರುತ್ತದೆ. ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಇಟಲಿಯ ಟ್ಯೂರಿನ್ ನಗರದ ಈಜಿಪ್ಟ್ ಸಂಗ್ರಹಾಲಯ. ಬೇರೆ ಕೆಲಸಕ್ಕೆ ಕಟ್ಟಿದ ಹಳೇ ಕಟ್ಟಡ, ಅದರೊಳಗೆ ಹಿಡಿಸಲಾರದಷ್ಟು ದೊಡ್ಡ ಸಂಗ್ರಹ, ಇನ್ನೂರು ವರ್ಷದ ಹೊಂದಾಣಿಕೆ. 2024ಕ್ಕೆ ಆ ಇನ್ನೂರು ವರ್ಷ ತುಂಬಿತು, ಮುಖ್ಯ ಶಿಲ್ಪಶಾಲೆ ಹೊಸ ರೂಪದಲ್ಲಿ ತೆರೆಯಿತು. ಆ ಹೊಸ ರೂಪವನ್ನು ಹೊಗಳಿ ಬರೆದವರು ತುಂಬಾ ಜನ. ಇಲ್ಲಿ ಅದನ್ನು ಅಕ್ಷರ ಓದುವವನ ಕಡೆಯಿಂದ ನೋಡೋಣ.

ಮನೆ ಯಾರದ್ದು, ಬಂದವರು ಯಾರು

ಕಟ್ಟಡ 17ನೇ ಶತಮಾನದ್ದು. 1679ರಲ್ಲಿ ಶುರುವಾದದ್ದು, ಜೆಸ್ಯೂಟ್ ಪಾದ್ರಿಗಳು ಶ್ರೀಮಂತ ಮನೆತನದ ಹುಡುಗರಿಗೆ ಪಾಠ ಹೇಳಲು ಕಟ್ಟಿಸಿದ ವಿದ್ಯಾಲಯ. ಇಟ್ಟಿಗೆಯ ದಪ್ಪ ಗೋಡೆ, ಕಮಾನಿನ ಚಾವಣಿ, ನಡುವೆ ಅಂಗಳ. 1773ರಲ್ಲಿ ಜೆಸ್ಯೂಟ್ ಪಂಥವನ್ನೇ ಪೋಪ್ ವಿಸರ್ಜಿಸಿದ ಮೇಲೆ, ಆ ಶತಮಾನದ ಕೊನೆಯಲ್ಲಿ ಅಲ್ಲಿಗೆ ವಿಜ್ಞಾನ ಅಕಾಡೆಮಿ ಬಂತು.

1824ರಲ್ಲಿ ಈಜಿಪ್ಟಿನ ಸಾಮಾನು ಬಂತು. ಬರ್ನಾರ್ದಿನೋ ದ್ರೊವೆತ್ತಿ ಹುಟ್ಟಿದ್ದು ಟ್ಯೂರಿನ್ ಹತ್ತಿರವೇ, ಆದರೆ ಈಜಿಪ್ಟಿನಲ್ಲಿ ಇದ್ದದ್ದು ಫ್ರಾನ್ಸಿನ ಕಾನ್ಸುಲ್ ಆಗಿ. ಅಲ್ಲಿ ಗುಡ್ಡೆ ಹಾಕಿದ 5 ಸಾವಿರಕ್ಕೂ ಹೆಚ್ಚು ವಸ್ತುಗಳನ್ನು ಸಾರ್ಡೀನಿಯಾದ ರಾಜ ಕಾರ್ಲೊ ಫೆಲೀಚೆ 4 ಲಕ್ಷ ಲೀರಾ ಕೊಟ್ಟು ಕೊಂಡ. ಸುಮಾರು ನೂರು ಮೂರ್ತಿ, 170ರಷ್ಟು ಪಪೈರಸ್, ಜೊತೆಗೆ ಶಿಲಾಫಲಕ, ಮಮ್ಮಿ, ಕಂಚು, ತಾಯತ. ರಾಜನ ಹತ್ತಿರ ದುಡ್ಡಿತ್ತು, ಆದರೆ ಇದಕ್ಕೆ ಅಂತಲೇ ಕಟ್ಟಿದ ಜಾಗ ಇರಲಿಲ್ಲ. ಅಕಾಡೆಮಿಯ ಕಟ್ಟಡದಲ್ಲಿ ಒಂದು ಭಾಗ ಸಿಕ್ಕಿತು. 1865ರಿಂದ ಮೇಲಿನ ಮಹಡಿಗಳಿಗೆ ಸಬೌದಾ ಚಿತ್ರಶಾಲೆ ಬಂದು ಕೂತಿತು, ಸುಮಾರು ಒಂದೂವರೆ ಶತಮಾನ ಅಲ್ಲೇ ಇತ್ತು. ನಮ್ಮ ವಠಾರದ ಮನೆಗಳ ಹಾಗೆ, ಒಂದೇ ಸೂರು, ಮೂರು ಸಂಸಾರ.

ತೂಕ ಮಾಡಿದ ತೀರ್ಮಾನ

ಇಂಜಿನಿಯರ್ ಆಗಿ ನನಗೆ ಮೊದಲು ಕಾಣೋದು ತೂಕ. ಗ್ರಾನೈಟ್ ಜಾತಿಯ ಕಲ್ಲು ಒಂದು ಘನ ಮೀಟರ್ ಅಂದರೆ ಸುಮಾರು 2.7 ಟನ್. ಇವತ್ತು ಒಂದು ಆಫೀಸಿನ ನೆಲವನ್ನು ಲೆಕ್ಕ ಹಾಕುವಾಗ ಚದರ ಮೀಟರಿಗೆ 250ರಿಂದ 400 ಕೆ.ಜಿ. ಹೊರೆ ಹಿಡೀತೀವಿ. ಒಂದು ಚದರ ಮೀಟರ್ ಪೀಠದ ಮೇಲೆ ಒಂದು ಘನ ಮೀಟರ್ ಕಲ್ಲಿನ ಮೂರ್ತಿ ಕೂತರೆ ಅದು ಸುಮಾರು ಏಳರಿಂದ ಹನ್ನೊಂದು ಪಟ್ಟು. ಹಳೇ ಇಟ್ಟಿಗೆ ಕಮಾನು ಹರಡಿದ ಭಾರವನ್ನು ಚೆನ್ನಾಗಿ ತಡೆಯುತ್ತೆ, ಒಂದೇ ಜಾಗದಲ್ಲಿ ಕುಕ್ಕಿದ ಭಾರವನ್ನಲ್ಲ. ಹಾಗಾಗಿ ದೊಡ್ಡ ಮೂರ್ತಿಗಳಿಗೆ ನೆಲಮಹಡಿಯೇ ಗತಿ. ಹಗುರವಾದ ಪಪೈರಸ್ಸು, ಸಣ್ಣ ವಸ್ತು ಮೇಲೆ ಹೋಗಬಹುದು.

ಕೇಳಲು ಬರೀ ಗೋದಾಮಿನ ಲೆಕ್ಕ ಅನ್ನಿಸುತ್ತೆ. ಆದರೆ ಇದರ ಪರಿಣಾಮ ವಿದ್ಯೆಯ ಮೇಲೂ ಆಗುತ್ತದೆ. ಒಂದೇ ಊರಿಂದ, ಒಂದೇ ದೇವಾಲಯದಿಂದ ಬಂದ ಕಲ್ಲು ಮತ್ತು ಕಾಗದ ಬೇರೆ ಬೇರೆ ಮಹಡಿ ಸೇರಿದವು. ದೊಡ್ಡದು ದೊಡ್ಡದರ ಜೊತೆ, ಚಿಕ್ಕದು ಚಿಕ್ಕದರ ಜೊತೆ. ಎಲ್ಲಿ ಸಿಕ್ಕಿತು ಅನ್ನೋದಕ್ಕಿಂತ ಎಷ್ಟು ಭಾರ ಅನ್ನೋದೇ ವಿಂಗಡಣೆಯ ಸೂತ್ರ ಆಯಿತು.

ಇನ್ನೂ ಒಂದು ಮೂರ್ತಿಗೆ ಒಳಗೆ ಜಾಗವೇ ಸಿಗಲಿಲ್ಲ. ಕಾರ್ನಾಕ್‌ನಿಂದ ಬಂದ ಎರಡನೇ ಸೇಟಿಯ ಮರಳುಗಲ್ಲಿನ ಮೂರ್ತಿ, ಐದು ಮೀಟರ್ ದಾಟುವ ಎತ್ತರ. ಅದರ ಜೋಡಿ ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಟ್ಯೂರಿನ್‌ನಲ್ಲಿ ಅದನ್ನು ಹುಲ್ಲು ಸುತ್ತಿ ಅಂಗಳದಲ್ಲೇ ನಿಲ್ಲಿಸಿದ್ದರು. ಎರಡು ವರ್ಷದ ಹಿಂದಷ್ಟೇ ಚಿತ್ರಲಿಪಿಯ ಗುಟ್ಟು ಬಿಡಿಸಿದ್ದ ಶಾಂಪೋಲಿಯೊನ್ 1824ರಲ್ಲಿ ಅಲ್ಲಿಗೆ ಬಂದ. ಇದನ್ನು ನೋಡಿ ಉರಿದುಹೋಗಿ, ಆ ಫೇರೋನ ಹೆಸರಲ್ಲಿ ಸಾರ್ಡೀನಿಯಾದ ರಾಜನಿಗೆ ಒಂದು ಅಣಕು ಅರ್ಜಿ ಬರೆದ. ಒಬ್ಬ ಅರಸ ಇನ್ನೊಬ್ಬ ಅರಸನಿಗೆ ವಸತಿಗಾಗಿ ಸಲ್ಲಿಸಿದ ಮನವಿ! ಸಂಗ್ರಹಾಲಯ ವಿಮರ್ಶೆಯ ಇತಿಹಾಸದಲ್ಲಿ ಇದನ್ನು ಮೊದಲ ಪುಟದಲ್ಲೇ ಹಾಕಬೇಕು ಅನ್ನೋದು ನನ್ನ ಅಭಿಪ್ರಾಯ.

ಒಂದೇ ಮನೆಯಲ್ಲಿ ಕಳೆದುಹೋದದ್ದು

ನಗು ಬರಿಸುವ ಕಥೆ ಅದು. ನಗು ಬಾರದ ಕಥೆ ಅರಸರ ಪಟ್ಟಿಯದ್ದು. ಟ್ಯೂರಿನ್ ರಾಜಾವಳಿ ಎಂದು ಹೆಸರಾದ ಈ ಪಪೈರಸ್ಸಿನಲ್ಲಿ ಈಜಿಪ್ಟಿನ ಅರಸರ ಹೆಸರು ಸಾಲಾಗಿ, ಆಳಿದ ವರ್ಷಗಳ ಸಮೇತ ಇದೆ. ಹಳೇ ತೆರಿಗೆ ಕಾಗದದ ಬೆನ್ನಿನ ಮೇಲೆ ಬರೆದದ್ದು. ನಮ್ಮ ಗಂಗರದ್ದೋ ರಾಷ್ಟ್ರಕೂಟರದ್ದೋ ಪೂರ್ತಿ ವಂಶಾವಳಿ, ಪ್ರತಿಯೊಬ್ಬರ ಆಳ್ವಿಕೆಯ ಲೆಕ್ಕದ ಜೊತೆ ಒಂದೇ ಕಡೆ ಸಿಕ್ಕಿದ್ದರೆ ಹೇಗಿರುತ್ತಿತ್ತೋ, ಅಷ್ಟು ಬೆಲೆಯದ್ದು. ಶಾಂಪೋಲಿಯೊನ್ ಕಣ್ಣಿಗೆ ಬಿದ್ದಾಗ ಅದು ಚೂರುಗಳ ರಾಶಿಯಲ್ಲಿ ಬೆರೆತ ಚೂರು. 1826ರಲ್ಲಿ ಬಂದ ಸೈಫಾರ್ಟ್ ಎಂಬ ಜರ್ಮನ್ ವಿದ್ವಾಂಸ ಇನ್ನೂ ಹಲವು ಚೂರು ಹುಡುಕಿ, ನಾರಿನ ಎಳೆ ನೋಡಿ ಜೋಡಿಸಲು ಹೊರಟ. ಆ ಜೋಡಣೆಯ ಚರ್ಚೆ ಇವತ್ತಿಗೂ ಮುಗಿದಿಲ್ಲ. 2009ರಲ್ಲಿ ಇನ್ನೂ ಕೆಲವು ಚೂರುಗಳು ಪತ್ತೆಯಾದವು. ಎಲ್ಲಿ? ಅದೇ ಸಂಗ್ರಹಾಲಯದ ಉಗ್ರಾಣದಲ್ಲಿ.

ಅರಸನ ಹೆಸರು ಮರುಭೂಮಿಯಲ್ಲಿ ಕಳೆದುಹೋದರೆ ಯಾರನ್ನೂ ದೂರುವ ಹಾಗಿಲ್ಲ. ಮನೆಗೆ ತಂದ ಮೇಲೆ, ಬೀಗ ಹಾಕಿದ ಕೋಣೆಯೊಳಗೆ ಕಳೆದುಹೋದರೆ? ವಸ್ತುವಿಗೆ ಸೂರು ಕೊಟ್ಟ ಮಾತ್ರಕ್ಕೆ ಅದನ್ನು ಉಳಿಸಿದ ಹಾಗಾಗಲಿಲ್ಲ. ಎಲ್ಲಿಟ್ಟಿದ್ದೀವಿ ಎಂಬ ಪಟ್ಟಿ ಇದ್ದರೆ ಮಾತ್ರ ಉಳಿಯಿತು.

ಇದೇ ಸಂಗ್ರಹಾಲಯ ಇದಕ್ಕೆ ಉತ್ತರವನ್ನೂ ಕೊಟ್ಟಿದೆ ಅನ್ನೋದನ್ನು ಹೇಳದಿದ್ದರೆ ಅನ್ಯಾಯ. 1894ರಿಂದ ನಿರ್ದೇಶಕರಾಗಿದ್ದ ಎರ್ನೆಸ್ತೋ ಸ್ಕಿಯಾಪರೆಲ್ಲಿ ಕೊಂಡು ತರುವುದಕ್ಕಿಂತ ಅಗೆದು ತರುವುದನ್ನು ನಂಬಿದವರು. 1906ರಲ್ಲಿ ಸಿಕ್ಕ ಖಾ ಮತ್ತು ಮೆರಿತ್ ದಂಪತಿಯ ಗೋರಿಯ 400ಕ್ಕೂ ಹೆಚ್ಚು ವಸ್ತುಗಳನ್ನು ಚದುರಿಸದೆ ಒಟ್ಟಿಗೇ ಇಟ್ಟರು. ಅಲ್ಲಿ ಹಾಸಿಗೆ, ರೊಟ್ಟಿ, ಅಳತೆಗೋಲು, ಹೆಸರು ಬರೆದ ಪೆಟ್ಟಿಗೆ ಎಲ್ಲಾ ಒಂದಕ್ಕೊಂದು ಸಾಕ್ಷಿ ಹೇಳುತ್ತವೆ. ಇತ್ತೀಚೆಗೆ ಪಪೈರಸ್‌ಗಳ ಡಿಜಿಟಲ್ ಸಂಗ್ರಹವನ್ನೂ ಆನ್‌ಲೈನ್‌ನಲ್ಲಿ ತೆರೆದಿಟ್ಟಿದ್ದಾರೆ. ಚೂರು ಯಾವ ಪೆಟ್ಟಿಗೆಯಲ್ಲಿದೆ ಎಂದು ಊರೂರು ಅಲೆಯಬೇಕಾಗಿಲ್ಲ.

ಕತ್ತಲಿಂದ ಬೆಳಕಿಗೆ

ಈಗ ಶಿಲ್ಪಶಾಲೆಗೆ ಬರೋಣ. 2006ರ ಚಳಿಗಾಲದ ಒಲಿಂಪಿಕ್ಸ್ ಹೊತ್ತಿಗೆ ಸಿನಿಮಾ ಸೆಟ್‌ಗಳಿಗೆ ಹೆಸರಾದ ದಾಂತೆ ಫೆರೆತ್ತಿ ಅದನ್ನು ಹೊಸದಾಗಿ ಸಜ್ಜು ಮಾಡಿದ್ದರು. ಕಪ್ಪು ಗೋಡೆ, ಕನ್ನಡಿ, ಆಯ್ದ ಕಡೆ ಮಾತ್ರ ಬೆಳಕು. ಜನ ಬೆರಗಾದರು. 2015ರಲ್ಲಿ, ಚಿತ್ರಶಾಲೆ ಖಾಲಿ ಮಾಡಿದ ಮೇಲೆ, ಇಡೀ ಸಂಗ್ರಹಾಲಯ ಹಿಗ್ಗಿ ಮತ್ತೆ ತೆರೆಯಿತು. 2024ರ ನವೆಂಬರಿನಲ್ಲಿ ಶಿಲ್ಪಶಾಲೆಯ ಸರದಿ. ಈ ಸಲ ವಿನ್ಯಾಸ ರೆಮ್ ಕೂಲಾಸ್ ಸ್ಥಾಪಿಸಿದ ಒಎಂಎ ಸಂಸ್ಥೆಯದ್ದು. ಮುಚ್ಚಿದ್ದ ಕಿಟಕಿ ತೆರೆದರು, ಹಳೇ ಕಮಾನು ಕಾಣುವ ಹಾಗೆ ಮಾಡಿದರು, ಗೋಡೆಗೆ ಅಲ್ಯೂಮಿನಿಯಂ ಹೊದಿಸಿದರು. ಮೂರ್ತಿಗಳನ್ನು ಎತ್ತರದ ಪೀಠದಿಂದ ಕೆಳಗಿಳಿಸಿ, ಕಾರ್ನಾಕ್ ದೇವಾಲಯದಲ್ಲಿ ಹೇಗಿದ್ದವು ಅನ್ನೋದನ್ನು ನೆನಪಿಸುವ ಹಾಗೆ ಜೋಡಿಸಿದರು. ಸಿಂಹಮುಖದ ಸೆಖ್ಮೆತ್ ದೇವಿಯ 21 ಮೂರ್ತಿಗಳು ಟ್ಯೂರಿನ್‌ನಲ್ಲಿವೆ. ಒಂದೊಂದಾಗಿ ನೋಡಿದರೆ ಅವು ಬಿಡಿ ಬೊಂಬೆ. ಸಾಲಾಗಿ ನಿಂತಾಗ ಮಾತ್ರ ಅದು ಒಂದು ಸೇವೆ, ಒಂದು ಹರಕೆ ಅನ್ನೋದು ತಿಳಿಯುತ್ತದೆ.

ಈ ಜೋಡಣೆಯನ್ನು ನಾನು ಪೂರ್ತಿ ಒಪ್ಪುತ್ತೇನೆ. ತೂಕದ ಸೂತ್ರವನ್ನು ಬಿಟ್ಟು ಸ್ಥಳದ ಸೂತ್ರಕ್ಕೆ ಬಂದದ್ದು ಇನ್ನೂರು ವರ್ಷದಲ್ಲಿ ಈ ಮೂರ್ತಿಗಳಿಗೆ ಸಿಕ್ಕ ದೊಡ್ಡ ನ್ಯಾಯ. ಪೀಠ ತಗ್ಗಿಸಿದ್ದೂ ಸಣ್ಣ ಸಂಗತಿ ಅಲ್ಲ. ಎರಡನೇ ರಾಮ್ಸೆಸ್‌ನ ಪ್ರಸಿದ್ಧ ಮೂರ್ತಿಯಲ್ಲಿ ರಾಣಿ ನೆಫೆರ್ತಾರಿ ಮತ್ತು ಮಗ ಅವನ ಕಾಲ ಪಕ್ಕದಲ್ಲಿ ಪುಟ್ಟದಾಗಿ ನಿಂತಿದ್ದಾರೆ. ಎತ್ತರದ ಪೀಠದ ಮೇಲಿದ್ದರೆ ನಾವು ನೋಡೋದು ಅರಸನ ಮುಖ ಮಾತ್ರ.

ತಕರಾರು ಇರೋದು ಬೆಳಕಿನ ಬಗ್ಗೆ. ಲೆಕ್ಕ ಸುಲಭ. ಕೊರೆದ ಅಕ್ಷರದ ಆಳ 2 ಮಿ.ಮೀ. ಅಂದುಕೊಳ್ಳಿ. ಬೆಳಕು ಕಲ್ಲಿನ ಮೇಲ್ಮೈಗೆ 60 ಡಿಗ್ರಿಯಲ್ಲಿ ಬಿದ್ದರೆ ನೆರಳಿನ ಉದ್ದ ಸುಮಾರು 1.2 ಮಿ.ಮೀ. ಅದೇ ಬೆಳಕು 15 ಡಿಗ್ರಿಯಲ್ಲಿ ಸವರಿಕೊಂಡು ಬಂದರೆ ಏಳೂವರೆ ಮಿ.ಮೀ. ಆರು ಪಟ್ಟು. ರಾತ್ರಿ ಹೊತ್ತು ಟಾರ್ಚ್ ಓರೆ ಹಿಡಿದು ವೀರಗಲ್ಲು ಓದಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಳೆಯುವ ಗೋಡೆಯಿಂದ ಎಲ್ಲಾ ದಿಕ್ಕಿಗೂ ಹರಡಿ ಬರುವ ಬೆಳಕು ಆಕಾರಕ್ಕೆ ಹಿತ, ಅಕ್ಷರಕ್ಕೆ ಅಷ್ಟು ಹಿತವಲ್ಲ. ಒಂದು ದಿಕ್ಕಿನ ನೆರಳನ್ನು ಇನ್ನೊಂದು ದಿಕ್ಕಿನ ಬೆಳಕು ಅಳಿಸುತ್ತದೆ. ಫೆರೆತ್ತಿಯ ಕತ್ತಲಲ್ಲಿ ಬೆಳಕು ಓರೆಯಾಗಿ ಬಿದ್ದ ಕಡೆ ಅಕ್ಷರ ಎದ್ದು ಬರುವ ಅವಕಾಶವಿತ್ತು, ಉಳಿದದ್ದೆಲ್ಲಾ ಕತ್ತಲು. ಈಗ ಎಲ್ಲಾ ಕಾಣುತ್ತೆ, ಯಾವುದೂ ಎದ್ದು ಬರೋದಿಲ್ಲ. ಎರಡೂ ಸಜ್ಜಿಕೆಗಳು ನೋಡುವವನಿಗಾಗಿ ಮಾಡಿದ್ದು, ಓದುವವನಿಗಾಗಿ ಅಲ್ಲ.

ಬೆನ್ನಿನ ಮಾತು ಬೇರೆ. ಈಜಿಪ್ಟಿನ ಮೂರ್ತಿಗಳಿಗೆ ಹಿಂದುಗಡೆ ಒಂದು ಕಂಬದಂಥ ಆಸರೆ ಇರುತ್ತೆ, ಹೆಸರು ಬಿರುದು ಬಹಳ ಸಲ ಅಲ್ಲೇ ಇರುತ್ತೆ. ಮೂರ್ತಿಯ ಸುತ್ತ ಓಡಾಡಲು ದಾರಿ ಬಿಡದ ಯಾವ ಸಂಗ್ರಹಾಲಯವೂ ಅರ್ಧ ಶಾಸನವನ್ನು ಮುಚ್ಚಿಟ್ಟ ಹಾಗೆಯೇ. ಟ್ಯೂರಿನ್‌ನ ಕೆಲವು ಮೂರ್ತಿಗಳಲ್ಲಿ ಇನ್ನೂ ಒಂದು ಬರಹ ಇದೆ. ದ್ರೊವೆತ್ತಿಗಾಗಿ ಅಗೆದ ರಿಫೋ ಎಂಬ ಶಿಲ್ಪಿ, 1818ರಲ್ಲಿ ಥೀಬ್ಸ್‌ನಲ್ಲಿ ತಾನೇ ಪತ್ತೆ ಮಾಡಿದೆ ಎಂದು ಫ್ರೆಂಚ್‌ನಲ್ಲಿ ಕೊರೆದ ಸಾಲು. ನೋಡಿದವರು ಛೇ ಅನ್ನುತ್ತಾರೆ. ನನಗೆ ಅದೂ ಶಾಸನವೇ. ಹಳೇ ಕಲ್ಲಿನ ಮೇಲೆ ಬೇರೆ ಕಾಲದವನು ಸೇರಿಸಿದ ಸಾಲನ್ನು ನಾವು ನಮ್ಮ ಶಾಸನಗಳಲ್ಲಿ ಪಾಠದ ಭಾಗವಾಗಿ ಕೊಡೋದಿಲ್ಲವೇ? ಆ ಕಲ್ಲು ಮನೆ ಬದಲಿಸಿದ್ದಕ್ಕೆ ಕಲ್ಲಿನಲ್ಲೇ ಇರುವ ದಾಖಲೆ ಅದು. ಅದಕ್ಕೂ ಫಲಕದಲ್ಲಿ ಒಂದು ಸಾಲು ಸಲ್ಲಬೇಕು.

ಪರಿಹಾರ ದುಬಾರಿಯದ್ದೇನಲ್ಲ. ಪ್ರತಿ ಮೂರ್ತಿಯ ಪಕ್ಕ ಓರೆ ಬೆಳಕಿನಲ್ಲಿ ತೆಗೆದ ಒಂದು ಚಿತ್ರ, ಬೆನ್ನಿನದ್ದೂ ಸೇರಿ, ಜೊತೆಗೆ ಪಾಠ ಮತ್ತು ಅರ್ಥ. ಹಳೇ ಗೋಡೆಯನ್ನು ಮುಟ್ಟಬೇಕಾಗಿಲ್ಲ.

ನಮ್ಮ ಕಡೆ

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲಿದೆ. ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೆ 10ನೇ ಶತಮಾನದಲ್ಲಿ ನಿಲ್ಲಿಸಿದ್ದು. ಚೆಲ್ಲೇಶ್ವರನ ಗುಡಿಯ ಮುಂದೆ ನಿಲ್ಲಿಸಿದ್ದಾಗಿ ಆ ಶಾಸನವೇ ಹೇಳುತ್ತದೆ, ಈ ಕಲ್ಲಿಗೆ ಪೂಜೆ ಮಾಡದೆ ಉಣ್ಣಬಾರದು ಎಂದೂ ವಿಧಿಸುತ್ತದೆ. ತನ್ನ ವಿಳಾಸವನ್ನೂ ತನ್ನ ನಿತ್ಯದ ಸೇವೆಯನ್ನೂ ಮೈಮೇಲೆ ಬರೆದುಕೊಂಡ ಕಲ್ಲು ಬೇರೆ ವಿಳಾಸದಲ್ಲಿದೆ. ಅಲ್ಲಿ ಅದು ಸುರಕ್ಷಿತ, ಸರಿ. ಆದರೆ ಇಂಥ ಕಲ್ಲಿಗೆ ಕಾಲಮಾನ ಬರೆದ ಫಲಕ ಹಾಕಿದರೆ ಸಾಲದು. ಅದು ಎಲ್ಲಿ ನಿಂತಿತ್ತು, ಯಾವ ದಿಕ್ಕಿಗೆ, ಯಾವ ಗುಡಿಯ ಮುಂದೆ ಅನ್ನೋದು ಅದರ ಪಾಠದ ಒಂದು ಭಾಗ.

ಹಳ್ಳಿಗಳಲ್ಲಿ ಇದರ ಇನ್ನೊಂದು ತುದಿ ನೋಡ್ತೀವಿ. ಒಳ್ಳೇ ಮನಸ್ಸಿನಿಂದಲೇ ಕಲ್ಲನ್ನು ಎತ್ತಿ ನಿಲ್ಲಿಸಿ, ಬುಡಕ್ಕೆ ಸಿಮೆಂಟ್ ಹಾಕಿರುತ್ತಾರೆ. ಕೊನೆಯ ಎರಡು ಮೂರು ಸಾಲು ಸಿಮೆಂಟಿನೊಳಗೆ. ದಾನ ಕೆಡಿಸಿದವನಿಗೆ ಶಾಪ ಹಾಕುವ ಸಾಲು ಸಾಮಾನ್ಯವಾಗಿ ಇರೋದು ಅಲ್ಲೇ! ಅದಕ್ಕೇ ನನ್ನ ಕೋರಿಕೆ ಇಷ್ಟು: ಮುಂದಿನ ಸಲ ನಿಮ್ಮ ಊರಲ್ಲಿ ಶಾಸನಕ್ಕೆ ಕಟ್ಟೆ ಕಟ್ಟಿಸುವ ಮಾತು ಬಂದರೆ, ಗಾರೆ ಕಲಸುವ ಮೊದಲು ನಾಲ್ಕೂ ಮುಖದ ಫೋಟೋ ತೆಗೆಯಿರಿ, ಒಂದಾದರೂ ಓರೆ ಬೆಳಕಿನಲ್ಲಿ. ಕೊನೆಯ ಸಾಲಿನ ಕೆಳಗೆ ಒಂದು ಗೇಣು ಜಾಗ ಬಿಡಿಸಿ. ಮೂಲದಲ್ಲಿ ಎಲ್ಲಿತ್ತು ಅಂತ ಬರೆದಿಡಿ.